ವೆಬ್ ಆ್ಯಪ್‌ನಾಗ ಟೋಸ್ಟ್ ಮೆಸೇಜ್ ಹಾಕೂದು ಹೆಂಗ? ಎಷ್ಟ್ ಸೆಕೆಂಡ್ ಇಡಬೇಕು, ಎಲ್ಲಿ ಇಡಬೇಕು?

ದ್ರಾಕ್ಷಿನಾಡು, ವಿಜಯಪುರ
ಸೋಮವಾರ ರಾತ್ರಿ 9:40

ಎಲ್ಲಾರಿಗೂ ನಮಸ್ಕಾರ್ರಿ. ತಿಕೋಟಾ ಕಡೆ ಒಂದು ಕೋಲ್ಡ್ ಸ್ಟೋರೇಜಿಗೆ ವೆಬ್ ಆ್ಯಪ್ ಮಾಡಿಕೊಟ್ಟೀನಿ. ಒಣದ್ರಾಕ್ಷಿ ಬಾಕ್ಸು ಒಳಗ ಬಂದ್ರ ರೈತರ ಹೆಸ್ರು, ಲಾಟ್ ನಂಬರ್, ಎಷ್ಟು ಬಾಕ್ಸು, ಯಾವ ಚೇಂಬರು ಅಂತ ಎಂಟ್ರಿ ಹೊಡೀಬೇಕು, ಹೊರಗ ಹೋದ್ರ ಕಳೀಬೇಕು, ಇಷ್ಟ ಕೆಲಸ. ಹಿಂದ ಸರ್ವರಿನಾಗ ಲಾರಾವೆಲ್ (ಪಿಎಚ್‌ಪಿ ಫ್ರೇಮ್‌ವರ್ಕ್) ಅದ, ಮುಂದ ಸಾದಾ ಜಾವಾಸ್ಕ್ರಿಪ್ಟ್, ರಿಯಾಕ್ಟ್ ಏನೂ ಹಾಕಿಲ್ಲ.

ಇಲ್ಲೀತನಕ ಸೇವ್ ಆದಕೂಡ್ಲೆ ಬ್ರೌಸರಿನ ಅಲರ್ಟ್ ಬಾಕ್ಸ್ ಬರೂಹಂಗ ಇಟ್ಟಿದ್ದೆ. ಸೀಸನ್ನಿನಾಗ ಗೇಟಿನ ಮುಂದ ಪಿಕಪ್ಪು, ಟ್ರ್ಯಾಕ್ಟರು ಸಾಲಾಗಿ ನಿಂತಿರ್ತಾವ, ಹಮಾಲ್ರು ಬಾಕ್ಸ್ ಇಳಿಸ್ಕೋತ "ಲಗೂ ಬರ್ಕೋರಿ" ಅಂತಿರ್ತಾರ, ಅಂಥಾದ್ರಾಗ ಒಂದೊಂದು ಎಂಟ್ರಿಗೂ ಓಕೆ ಒತ್ಕೋತ ಕುಂದ್ರೂದು ಅಂದ್ರ ಗುಮಾಸ್ತರಿಗೆ ಭಾಳ ತ್ರಾಸ ಆಗ್ಯದ. ಈಗ ಏನಾಗ್ಯದಂದ್ರ ಅವ್ರು ಓದೂದ ಬಿಟ್ಟಾರ, ಏನ ಬರ್ಲಿ ಎಂಟರ್ ಹೊಡೀತಾರ, ಎರರ್ ಬಂದ್ರೂ ಎಂಟರ್. ಮಾಲಕರು "ಮೂಲ್ಯಾಗ ಸಣ್ಣಾಂಗ ಬಂದು ತಾನ ಹೋಗ್ತದಲ್ಲ, ಹಂಗ ಮಾಡಿಕೊಡು" ಅಂದಾರ, ಅದಕ್ಕ ಟೋಸ್ಟ್ ಮೆಸೇಜ್ ಅಂತಾರಲ್ಲ, ಅದು.

ಯಾವ ಲೈಬ್ರರಿ ಹಾಕ್ಲಿ, ಎಷ್ಟು ಸೆಕೆಂಡ್ ಇಡ್ಲಿ, ಸ್ಕ್ರೀನಿನ ಯಾವ ಕಡೆ ಇಡ್ಲಿ? ಮಾಡಿದವ್ರು ಯಾರರ ಇದ್ರ ಹೇಳ್ರಿ.

ಕುಂದಾನಗರಿ_ಫ್ರಂಟೆಂಡ್, ಬೆಳಗಾವಿ
ಸೋಮವಾರ ರಾತ್ರಿ 10:15

ಲೈಬ್ರರಿ ಬ್ಯಾಡ್ರಿ ಅಣ್ಣಾರ, ಸಾದಾ ಜಾವಾಸ್ಕ್ರಿಪ್ಟ್ ಐತಿ ಅಂತೀರಿ, ಮೂವತ್ತ್-ನಾಲ್ವತ್ತ್ ಸಾಲಿನಾಗ ಮುಗೀತೈತಿ. ಪೇಜಿನಾಗ ಮೊದಲ ಒಂದು ಖಾಲಿ ಡಿವ್ (ಪೇಜಿನೊಳಗಿನ ಡಬ್ಬಿ) ಇಟ್ಬಿಡ್ರಿ, ಅದಕ್ಕ ಪೊಸಿಷನ್ ಫಿಕ್ಸೆಡ್ ಕೊಡ್ರಿ, ಪೇಜ್ ಸರಿಸಿದ್ರೂ ಅಲ್ಲೇ ಇರ್ತೈತಿ. ಆಮ್ಯಾಲೆ ಒಂದು ಫಂಕ್ಷನ್ ಬರೀರಿ, ಮೆಸೇಜು ಮತ್ತ ಅದು ಯಾವ ನಮೂನಿದು ಅಂತ ಎರಡು ತಗೋಬೇಕು, ಹೊಸಾ ಡಿವ್ ಮಾಡಿ ಆ ಖಾಲಿ ಡಿವ್ ಒಳಗ ಹಾಕಬೇಕು, ಸೆಟ್‌ಟೈಮ್‌ಔಟ್ ಹಚ್ಚಿ ತೆಗೀಬೇಕು. ಟೋಸ್ಟರ್‌ನ್ಯಾಗಿಂದ ಬ್ರೆಡ್ಡು ಮ್ಯಾಲೆ ಪುಟಿದು ಬರ್ತೈತಲ್ರಿ, ಹಂಗ ಬರೂದಕ್ಕ ಇದಕ್ಕ ಟೋಸ್ಟ್ ಅಂತಾರ.

ಒಂದು ಮಾತ್ರ ಗಟ್ಟಿ ನೆನಪಿಡ್ರಿ, ಮೆಸೇಜು ಹಾಕೂಮುಂದ ಇನ್ನರ್‌ಎಚ್‌ಟಿಎಂಎಲ್ ಬಳಸಬ್ಯಾಡ್ರಿ, ಟೆಕ್ಸ್ಟ್‌ಕಂಟೆಂಟ್ ಬಳಸ್ರಿ. ರೈತರ ಹೆಸ್ರು, ಷರಾ ಅಂತ ಗುಮಾಸ್ತರು ಟೈಪ್ ಮಾಡಿದ್ದ ನೀವು ಹೊಳ್ಳಿ ತೋರಸ್ತೀರಿ, ಇನ್ನರ್‌ಎಚ್‌ಟಿಎಂಎಲ್ ಅದನ್ನ ಎಚ್‌ಟಿಎಂಎಲ್ ಅಂತ ಓದತೈತಿ, ಅದ್ರಾಗ ಯಾರರ ಇಮೇಜ್ ಟ್ಯಾಗಿಗೆ ಆನ್‌ಎರರ್ ಹಚ್ಚಿ ಕೋಡ್ ತುರುಕಿದ್ರ ನಿಮ್ಮ ಪೇಜಿನ್ಯಾಗ ಓಡತೈತಿ, ಟೆಕ್ಸ್ಟ್‌ಕಂಟೆಂಟ್ ಆದ್ರ ಬರೇ ಅಕ್ಷರ ಅಂತ ತೋರಸ್ತೈತಿ. ಲೈಬ್ರರಿ ತಗೊಂಡ್ರೂ ಈ ಚಿಂತಿ ತಪ್ಪಂಗಿಲ್ಲ, ಟೋಸ್ಟರ್ (toastr) ಅನ್ನೂ ಹಳೇ ಲೈಬ್ರರಿಯೊಳಗ ಎಸ್ಕೇಪ್ ಮಾಡೋ (ಟ್ಯಾಗನ್ನ ಬರೇ ಅಕ್ಷರ ಮಾಡೋ) ಆಪ್ಷನ್ ಐತಿ ಖರೆ, ಆದ್ರ ಅದು ಮೊದಲಿಂದ ಆಫ್ ಇರ್ತೈತಿ, ನಾವಾಗೇ ಆನ್ ಮಾಡಬೇಕು.

ಸೆಕೆಂಡಿಂದು ಒಬ್ಬೊಬ್ರು ಒಂದೊಂದು ಇಟ್ಟಾರ. ಆ್ಯಂಡ್ರಾಯ್ಡ್ ಫೋನಿನ ಟೋಸ್ಟ್ ಸಣ್ಣದು 2 ಸೆಕೆಂಡ್, ಉದ್ದಂದು 3.5 ಸೆಕೆಂಡ್. ಲೈಬ್ರರಿಗಳೊಳಗ ರಿಯಾಕ್ಟ್-ಟೋಸ್ಟಿಫೈ 5 ಸೆಕೆಂಡ್, ಸಾನರ್ 4 ಸೆಕೆಂಡ್. ಗೂಗಲ್‌ನ ಮಟೀರಿಯಲ್ ಡಿಸೈನ್ 4ರಿಂದ 10ರ ನಡುವ ಇಡ್ರಿ ಅಂತೈತಿ.

ಇಳಕಲ್_ಸೆರಗು, ಬಾಗಲಕೋಟೆ ಜಿಲ್ಲಾ
ಮಂಗಳವಾರ ಬೆಳಿಗ್ಗೆ 7:05

ನಾ ಸೀರಿ ಆರ್ಡರ್ ತಗೊಳ್ಳೋ ಸೈಟ್ ನೋಡ್ಕೋತೇನಿ, ಅದೂ ಲಾರಾವೆಲ್‌ದಾಗ ಐತಿ. ನಿಮ್ಮ ಫಾರ್ಮ್ ಸಬ್ಮಿಟ್ ಆದಮ್ಯಾಲೆ ಪೇಜ್ ಹೊಳ್ಳಿ ಲೋಡ್ ಆಗ್ತೈತೋ ಇಲ್ಲಾ ಪೇಜ್ ಲೋಡ್ ಆಗದ ಜಾವಾಸ್ಕ್ರಿಪ್ಟಿನ ಫೆಚ್‌ನಿಂದ ಹೋಗ್ತೈತೋ ಅದನ್ನ ಮೊದಲ ನೋಡ್ಕೋರಿ ಅಣ್ಣಾರ. ಪೇಜ್ ಲೋಡ್ ಆಗ್ತೈತಿ ಅಂದ್ರ ಹಳೇ ಪೇಜಿನ್ಯಾಗ ಹಚ್ಚಿದ ಟೋಸ್ಟ್ ಅಲ್ಲೇ ಸತ್ತಹೋಗ್ತೈತಿ, ನನಗ ಎರಡ್ ದಿನ ತಲಿ ತಿಂದಿತ್ತು ಇದು. ರಿಡೈರೆಕ್ಟ್ ಮಾಡೂಮುಂದ ಮೆಸೇಜನ್ನ ಸೆಷನ್‌ನ್ಯಾಗ ಫ್ಲ್ಯಾಶ್ ಮಾಡಿ ಕಳಸ್ರಿ, ಮುಂದಿನ ಪೇಜ್ ಅದನ್ನ ಓದಿ ಟೋಸ್ಟ್ ತೋರಸ್ತೈತಿ, ಆ ಒಂದು ರಿಕ್ವೆಸ್ಟ್ ಮುಗದಮ್ಯಾಲೆ ತಾನ ಅಳಿಸಿ ಹೋಗ್ತೈತಿ.

ಆರನೇ_ಸೆಮ್, ಬೆಳಗಾವಿ
ಮಂಗಳವಾರ ಬೆಳಿಗ್ಗೆ 8:30

ಅಣ್ಣಾರ ಒಂದು ಪ್ರಶ್ನಿ, ನಾವು ಮಿನಿ ಪ್ರಾಜೆಕ್ಟಿಗೆ ನೋಟಿಫಿಕೇಶನ್ ಎಪಿಐ ಬಳಸೇವಿ, ಅದೂ ಮೂಲ್ಯಾಗ ಬರ್ತೈತಿ. ಅದನ್ನ ಇದಕ್ಕ ಹಚ್ಚಿದ್ರ ನಡೀತೈತೇನ್ರಿ?

ಕುಂದಾನಗರಿ_ಫ್ರಂಟೆಂಡ್, ಬೆಳಗಾವಿ
ಮಂಗಳವಾರ ಬೆಳಿಗ್ಗೆ 9:10

ಅದು ಬ್ಯಾರೆ ತಮ್ಮಾ. ಅದು ವಿಂಡೋಸ್ ಇಲ್ಲಾ ಫೋನು ತೋರ್ಸೂ ನೋಟಿಫಿಕೇಶನ್, ಅದಕ್ಕ ಮಂದಿ ಕಡಿಂದ ಪರ್ಮಿಷನ್ ಕೇಳಬೇಕು, ಎಚ್‌ಟಿಟಿಪಿಎಸ್ ಬೇಕು, ಒಮ್ಮೆ ಬ್ಲಾಕ್ ಅಂತ ಒತ್ತಿದ್ರ ಮುಗೀತು. ಆ್ಯಪ್ ತೆರೆದಿಲ್ಲದಾಗ ಸುದ್ದಿ ಮುಟ್ಟಸಾಕ ಅದು ಚಲೋ. ಇಲ್ಲಿ ಗುಮಾಸ್ತರು ಆ್ಯಪ್ ಮುಂದ ಕುಂತಾರ, ಅವ್ರಿಗೆ ಪೇಜಿನೊಳಗಿನ ಟೋಸ್ಟ್ ಸಾಕು.

ದ್ರಾಕ್ಷಿನಾಡು, ವಿಜಯಪುರ
ಗುರುವಾರ ರಾತ್ರಿ 11:20

ನಿಮ್ಮೆಲ್ಲಾರ ಮಾತು ಕೇಳಿ ಮಂಗಳವಾರ ಸಂಜಿಗೆ ಹಾಕಿಬಿಟ್ಟೆ, ಹಸಿರು ಟೋಸ್ಟ್ ಸೇವ್ ಆದ್ರ, ಕೆಂಪು ಟೋಸ್ಟ್ ಎರರ್ ಆದ್ರ, ಎರಡೂ ಕೆಳಗ ಬಲಕ್ಕ, 3 ಸೆಕೆಂಡ್. ಬುಧವಾರ ಮಾಲಕರು ಖುಷಿ, ಗುಮಾಸ್ತರೂ ಖುಷಿ, ಸಾಲು ಲಗೂ ಕರಗಿತು.

ಇವತ್ತು ಆಗಬಾರದ್ದು ಆಗ್ಯದ್ರಿ. ಸಂಜಿಕ ಹಮಾಲರ ಬುಕ್ಕಿಗೂ ಆ್ಯಪಿಗೂ ತಾಳ ಬೀಳಲಿಲ್ಲ, 62 ಬಾಕ್ಸ್ ಕಮ್ಮಿ. ಬಾಕ್ಸಿಗೆ 15 ಕಿಲೋ ಹಿಡದ್ರ 930 ಕಿಲೋ ಮಾಲು, ಚೇಂಬರ್ 3ರಾಗ ಕಣ್ಣಿಗೆ ಕಾಣ್ತದ, ಆ್ಯಪಿನಾಗ ಇಲ್ಲ. ಹುಡುಕಿ ಹುಡುಕಿ ನೋಡಿದ್ರ ಮಧ್ಯಾಹ್ನ ಒಬ್ರು ಗುಮಾಸ್ತರು ಚೇಂಬರಿನ ಬಾಗಲ್ದಾಗ ನಿಂತು ಫೋನಿನ ಮ್ಯಾಲೆ ಎಂಟ್ರಿ ಹೊಡದಾರ, ಅಲ್ಲಿ ಗ್ವಾಡಿ ಎಲ್ಲಾ ಎರಡೂ ಕಡೆ ತಗಡಿನ ಪ್ಯಾನೆಲ್ಲು, ನೆಟ್‌ವರ್ಕ್ ಬಂದ್ರ ಬಂತು ಇಲ್ಲಂದ್ರ ಇಲ್ಲ, ರಿಕ್ವೆಸ್ಟ್ ಹೋಗೇ ಇಲ್ಲ. ಕೆಂಪು ಟೋಸ್ಟ್ ಬಂದಿರಬೇಕು, ಆದ್ರ ಅವ್ರು ಅಷ್ಟೊತ್ತಿಗೆ ಮುಂದಿನ ಲಾಟ್ ಟೈಪ್ ಮಾಡಾಕ ಶುರು ಮಾಡಿದ್ರು. ನಾನೂ ಸೇವ್ ಒತ್ತಿದ ಕೂಡ್ಲೆ ಫಾರ್ಮ್ ಖಾಲಿ ಮಾಡೂಹಂಗ ಬರದಿದ್ದೆ, ಉತ್ತರ ಬರೂತನಕ ಕಾದಿಲ್ಲ. ಅವ್ರಿಗೆ ಫಾರ್ಮ್ ಖಾಲಿ ಆಗಿದ್ದ ಕಂಡದ, ಸೇವ್ ಆಯ್ತು ಅಂತ ತಿಳ್ಕೊಂಡಾರ.

ಆ ರೈತರು ಪಾವತಿ (ಮಾಲು ಇಟ್ಟ ರಸೀದಿ) ಇಲ್ಲದನ ಊರಿಗೆ ಹೋದ್ರು. ಆ ಪಾವತಿ ಮ್ಯಾಲೆನ ಅವ್ರು ಬ್ಯಾಂಕಿನಾಗ ಸಾಲ ಎತ್ತೂದು. ನಾಳೆ ಮತ್ತ 30 ಕಿಲೋಮೀಟರ್ ಬರಬೇಕು ಅವ್ರು. ಎಂಟ್ರಿ ಕೈಲೆ ಹಾಕಿಸೀನಿ, ಆದ್ರ ಮನಸ್ಸಿಗೆ ಸಮಾಧಾನ ಇಲ್ಲ. ಗುಮಾಸ್ತರನ್ನ ಕೇಳಿದ್ರ "ಕೆಂಪಂದು ಬಂದದ್ದ ನಾ ನೋಡಿಲ್ಲೋ ಯಪ್ಪಾ" ಅಂದ್ರು, ಅವ್ರು ಸುಳ್ಳು ಹೇಳೂ ಮನಷ್ಯಾ ಅಲ್ಲ.

ಕುಂದಾನಗರಿ_ಫ್ರಂಟೆಂಡ್, ಬೆಳಗಾವಿ
ಗುರುವಾರ ರಾತ್ರಿ 11:55

ಅವ್ರು ಖರೇನ ಹೇಳ್ಯಾರ, ಅವ್ರಿಗೆ ಕಾಣ್ಸಾಕ ಸಾಧ್ಯನ ಇರ್ಲಿಲ್ಲ. ಫೋನಿನ್ಯಾಗ ಕೀಬೋರ್ಡ್ ಮ್ಯಾಲೆ ಬಂದಾಗ ಆ್ಯಂಡ್ರಾಯ್ಡ್ ಕ್ರೋಮ್ ಮೊದಲ ಇಡೀ ಪೇಜನ್ನ ಕುಗ್ಗಸ್ತಿತ್ತು, ಕೆಳಗ ಫಿಕ್ಸ್ ಮಾಡಿದ್ದು ಕೀಬೋರ್ಡಿನ ಮ್ಯಾಲೆ ಏರಿ ಕುಂದರ್ತಿತ್ತು. 2022ರಾಗ ಬಂದ 108ನೇ ವರ್ಷನ್‌ನಿಂದ ಹಂಗ ಮಾಡೂದು ಬಿಟ್ಟೈತಿ, ಐಫೋನಿನ ಸಫಾರಿ ಹೆಂಗ ಮಾಡ್ತೈತೋ ಹಂಗ. ಅಂದ್ರ ನಿಮ್ಮ ಟೋಸ್ಟ್ ಕೀಬೋರ್ಡಿನ ಹಿಂದ ಬಂದು, ಅಲ್ಲೇ 3 ಸೆಕೆಂಡ್ ಇದ್ದು, ಅಲ್ಲೇ ಹೋಗೇತಿ. ನಾ ಸೋಮವಾರನ ಇದನ್ನ ಹೇಳಬೇಕಿತ್ತು, ಎಲ್ಲಿ ಇಡ್ಲಿ ಅಂತ ನೀವು ಕೇಳಿದ್ರಿ, ಆ ಮಾತ ನಾ ಬಿಟ್ಟೆ. ತಪ್ಪಾತು ಅಣ್ಣಾರ.

ವ್ಯೂಪೋರ್ಟ್ ಮೆಟಾ ಟ್ಯಾಗಿನ್ಯಾಗ ಇಂಟರ್‌ಆ್ಯಕ್ಟಿವ್-ವಿಜೆಟ್ ಅನ್ನೂದಕ್ಕ ರಿಸೈಜಸ್-ಕಂಟೆಂಟ್ ಅಂತ ಕೊಟ್ರ ಕ್ರೋಮ್ ಹಳೇ ರೀತಿಗೆ ಬರ್ತೈತಿ. ಆದ್ರ ನನ್ನ ಕೇಳಿದ್ರ ಟೋಸ್ಟನ್ನ ಮ್ಯಾಲೆ ನಡುವ ತಗೊಂಡ್ಹೋಗ್ರಿ, ಎಲ್ಲಾ ಫೋನಿಗೂ ಅದ ಸಲೀಸು.

ಮತ್ತ ಬ್ರೌಸರಿನ ನ್ಯಾವಿಗೇಟರ್ ಆನ್‌ಲೈನ್ ಅನ್ನೂದನ್ನ ನೋಡಿ ನೆಟ್ ಐತೋ ಇಲ್ಲೋ ಅಂತ ತಿಳ್ಕೊಳ್ಳಾಕ ಹೋಗಬ್ಯಾಡ್ರಿ. ವೈಫೈ ರೌಟರ್‌ಗೆ ಜೋಡ್ಸಿದ್ರ ಸಾಕು, ಹಿಂದ ಲೈನ್ ಸತ್ತಿದ್ರೂ ಅದು ಐತಿ ಅಂತನ ಹೇಳತೈತಿ. ಸರ್ವರ್‌ದಿಂದ ಉತ್ತರ ಬಂದ್ರ ಮಾತ್ರ ಬಂದಂಗ.

ಘಟಪ್ರಭಾ_ದಂಡಿ, ಬಾಗಲಕೋಟೆ
ಶುಕ್ರವಾರ ಬೆಳಿಗ್ಗೆ 6:20

ಈ ಥ್ರೆಡ್ ಪೂರ್ತಿ ಕೇಳಿದೆ. ಕೇಳಿದೆ ಅಂದ್ರ ನನಗ ಕಣ್ಣು ಕಾಣ್ಸಂಗಿಲ್ರಿ, ಕಂಪ್ಯೂಟರ್‌ದಾಗ ಎನ್‌ವಿಡಿಎ, ಫೋನಿನ್ಯಾಗ ಟಾಕ್‌ಬ್ಯಾಕ್ ಅನ್ನೂ ಸ್ಕ್ರೀನ್ ರೀಡರ್ (ಸ್ಕ್ರೀನ್ ಮ್ಯಾಲಿಂದನ್ನ ಓದಿ ಹೇಳೂ ಸಾಫ್ಟ್‌ವೇರ್) ಹಚ್ಕೊಂಡು ಕೆಲಸಾ ಮಾಡ್ತೇನಿ, ಎಂಟು ವರ್ಷದಿಂದ ಡೇಟಾ ಎಂಟ್ರಿನ ನನ್ನ ಹೊಟ್ಟಿಪಾಡು. ಗುಮಾಸ್ತರಿಗೆ ಗುರುವಾರ ಆಗಿದ್ದು ನನಗ ದಿನಾ ಆಗ್ತೈತಿ. ಸೇವ್ ಒತ್ತತೇನಿ, ಸುಮ್ನ ಇರ್ತೈತಿ. ಆತೋ, ಹೋತೋ, ಗೊತ್ತಾಗಂಗಿಲ್ಲ. ಮತ್ತ ಮ್ಯಾಲಿಂದ ಕೆಳಗ ಇಡೀ ಪೇಜ್ ಓದಿಸ್ಕೊಂಡು ನೋಡಬೇಕು, ಅಷ್ಟೊತ್ತಿಗೆ ಟೋಸ್ಟ್ ಹೋಗಿರ್ತೈತಿ, ಬಂದಿತ್ತು ಅನ್ನೂದ ನನಗ ತಿಳಿಯಂಗಿಲ್ಲ.

ಇದಕ್ಕ ಮದ್ದು ಭಾಳ ಸಣ್ಣದೈತಿ. ಕುಂದಾನಗರಿ ಅಣ್ಣಾರು ಹೇಳಿದ ಆ ಖಾಲಿ ಡಿವ್‌ಗೆ ರೋಲ್ ಅನ್ನೂ ಆ್ಯಟ್ರಿಬ್ಯೂಟ್‌ನ್ಯಾಗ ಸ್ಟೇಟಸ್ ಅಂತ ಕೊಡ್ರಿ. ಆಗ ಒಳಗ ಏನರ ಹಾಕಿದ್ರ ಸ್ಕ್ರೀನ್ ರೀಡರು ನಾ ಮಾಡ್ತಿರೂ ಕೆಲಸಾ ಕೆಡಸದ, ನಾ ಕೇಳೂ ಮಾತು ಮುಗದಮ್ಯಾಲೆ ಇದನ್ನ ಹೇಳತೈತಿ. ಎರರ್‌ಗೆ ಬ್ಯಾರೆ ಒಂದು ಡಿವ್ ಇಟ್ಟು ರೋಲ್ ಅಲರ್ಟ್ ಕೊಡ್ರಿ, ಅದು ನಡುವ ಬಾಯಿ ಹಾಕಿ ಹೇಳತೈತಿ. ಎಲ್ಲಾದಕ್ಕೂ ಅಲರ್ಟ್ ಹಚ್ಚಿದ್ರ ಕಿವಿ ಸುಮ್ನ ಇರಂಗಿಲ್ಲ, ಆಮ್ಯಾಲೆ ಖರೇ ಎರರ್ ಬಂದ್ರೂ ಲಕ್ಷ್ಯ ಹೋಗಂಗಿಲ್ಲ, ನಿಮ್ಮ ಗುಮಾಸ್ತರು ಎಂಟರ್ ಹೊಡೀತಿದ್ರಲ್ಲ, ಹಂಗ.

ಭಾಳ ಮಂದಿ ತಪ್ಪೂದು ಎಲ್ಲಿ ಅಂದ್ರ, ಮೆಸೇಜ್ ಬಂದಾಗ ಡಿವ್ ಮಾಡಿ, ಅದಕ್ಕ ರೋಲ್ ಹಚ್ಚಿ, ಮಾತೂ ತುಂಬಿ ಒಮ್ಮೆಲೆ ಪೇಜಿಗೆ ಹಾಕ್ತಾರ. ಹಂಗ ಹಾಕಿದ್ದು ಎಷ್ಟೋ ಸಲ ಓದಂಗಿಲ್ರಿ. ಡಿವ್ ಮೊದಲಿಂದ ಪೇಜಿನ್ಯಾಗ ಖಾಲಿ ಇರಬೇಕು, ಸ್ಕ್ರೀನ್ ರೀಡರ್ ಅದನ್ನ ಕಾಯ್ಕೋತ ಕುಂತಿರ್ತೈತಿ, ಆಮ್ಯಾಲೆ ಮಾತು ಒಳಗ ಬೀಳಬೇಕು. ಟೋಸ್ಟ್ ಬಂತಂತ ಫೋಕಸ್ ಕಸ್ಕೊಂಡು ಅಲ್ಲಿಗೆ ಒಯ್ಯೂದಂತೂ ಬ್ಯಾಡ್ರಿ, ಟೈಪ್ ಮಾಡೂಮುಂದ ಕೈಯಾಗಿಂದ ಪೆನ್ನು ಕಸ್ಕೊಂಡಂಗ ಆಗ್ತೈತಿ. ಪೇಜಿಗೆ ಭಾಷಾ ಕನ್ನಡ ಅಂತ ಲ್ಯಾಂಗ್ ಆ್ಯಟ್ರಿಬ್ಯೂಟ್‌ನ್ಯಾಗ ಹಾಕ್ರಿ, ಇ-ಸ್ಪೀಕ್ ಅನ್ನೂ ಓದೂ ದನಿಗೂ ಕನ್ನಡ ಬರ್ತೈತಿ, ಗೂಗಲ್ ದನಿಗೂ ಬರ್ತೈತಿ, ಆದ್ರ ಇದು ಕನ್ನಡ ಅಂತ ನೀವು ಹೇಳಿರಬೇಕು.

ಇದೆಲ್ಲಾ ನಾ ಬೇಡ್ಕೊಳ್ಳೂ ಮಾತಲ್ರಿ. ಅಂಗವಿಕಲರಿಗೂ ವೆಬ್ ಬಳಸಾಕ ಬರೂಹಂಗ ಮಾಡಿದ ನಿಯಮಾವಳಿ, 2018ರ ಡಬ್ಲ್ಯುಸಿಎಜಿ 2.1ರಾಗ 4.1.3 ಅಂತ ನಿಯಮನ ಐತಿ, ಫೋಕಸ್ ಸರಸದ ಸ್ಥಿತಿ ತಿಳ್ಸೂ ಮೆಸೇಜು ಸ್ಕ್ರೀನ್ ರೀಡರ್‌ಗೂ ಮುಟ್ಟಬೇಕು ಅಂತ.

ಇನ್ನ ನನ್ನ ಅನಿಸಿಕಿ ಹೇಳ್ತೇನಿ. ನೋಡ್ಲಿಲ್ಲಂದ್ರ ಯಾರಿಗೂ ನಷ್ಟ ಇಲ್ಲ ಅನ್ನೂ ಮಾತಿಗೆ ಮಾತ್ರ ಟೋಸ್ಟ್. ನೋಡ್ಲಿಲ್ಲಂದ್ರ ಒಬ್ರ 62 ಬಾಕ್ಸ್ ಕಳೀತೈತಿ ಅಂದ್ರ ಅದು ಟೋಸ್ಟ್ ಅಲ್ಲ, ಅದು ಫಾರ್ಮಿನ ಮ್ಯಾಲೆ ಗಟ್ಟಿ ಕುಂತಿರಬೇಕು, ಗುಮಾಸ್ತರು ಸರಿ ಮಾಡೂತನಕ ಏಳಬಾರದು. ಗಿಟ್‌ಹಬ್‌ನವ್ರು ತಮ್ಮ ಡಿಸೈನ್ ಸಿಸ್ಟಮ್‌ನ್ಯಾಗ ಟೋಸ್ಟ್ ಬಳಸಬ್ಯಾಡ್ರಿ ಅಂತನ ಬರದಾರ. ಅಷ್ಟು ದೂರ ನಾ ಹೋಗಂಗಿಲ್ಲ, ಸೇವ್ ಆತು ಅಂತ ಒಂದು ಮಾತು ಕಿವಿಗೆ ಬಿದ್ರ ನನಗ ಭಾಳ ಹಗರ ಆಗ್ತೈತಿ.

ದ್ರಾಕ್ಷಿನಾಡು, ವಿಜಯಪುರ
ಶುಕ್ರವಾರ ಬೆಳಿಗ್ಗೆ 7:45

ಅಣ್ಣಾರ, ನಿಮ್ಮ ಮಾತು ಎರಡು ಸಲ ಓದಿದೆ. ನಮ್ಮ ಆ್ಯಪಿನ ಮುಂದ ಕಣ್ಣು ಕಾಣದವ್ರು ಕುಂದರ್ತಾರ ಅಂತ ನನ್ನ ತಲ್ಯಾಗ ಬಂದಿರ್ಲೇ ಇಲ್ಲ. ಇವತ್ತ ಹಚ್ತೀನಿ. ಒಂದು ಕೇಳಬೇಕಿತ್ತು, ಸಾಲಾಗಿ ಐದು ಎಂಟ್ರಿ ಹೊಡದ್ರ ಐದು ಸಲ "ಸೇವ್ ಆಯ್ತು" ಅಂತ ಬರ್ತದ, ಅದು ಕಿರಿಕಿರಿ ಆಗಂಗಿಲ್ಲೇನ್ರಿ?

ಘಟಪ್ರಭಾ_ದಂಡಿ, ಬಾಗಲಕೋಟೆ
ಶುಕ್ರವಾರ ಬೆಳಿಗ್ಗೆ 8:00

ಆಗ್ತೈತಿ, ಮತ್ತ ಒಂದ ಮಾತು ಹೊಳ್ಳಿಮಳ್ಳಿ ಹಾಕಿದ್ರ ಎಷ್ಟೋ ಸಲ ಎರಡನೇದ್ದು ಓದೂದೂ ಇಲ್ಲ, ಬದಲಾಗೇ ಇಲ್ಲ ಅಂತ ತಿಳ್ಕೋತೈತಿ. ಅದಕ್ಕ ಮಾತಿನ್ಯಾಗ ಕೆಲಸದ ಸುದ್ದಿ ಇಡ್ರಿ. "ಲಾಟ್ 214, 62 ಬಾಕ್ಸ್, ಚೇಂಬರ್ 3, ಸೇವ್ ಆತು." ಆಗ ನನಗೂ ಉಪಯೋಗ, ಕಣ್ಣು ಇದ್ದವ್ರಿಗೂ ಉಪಯೋಗ, 62 ಬರೀಲಿಕ್ಕ ಹೋಗಿ 26 ಬರದಿದ್ರ ಅಲ್ಲೇ ಸಿಗ್ತೈತಿ.

ಮುಧೋಳ_ಬ್ಯಾಕೆಂಡ್, ಬಾಗಲಕೋಟೆ ಜಿಲ್ಲಾ
ಶುಕ್ರವಾರ ಮಧ್ಯಾಹ್ನ 1:30

ಎಲ್ಲಾರೂ ಮುಂದಿನ ಬಾಗಲ ನೋಡಾಕತ್ತೀರಿ, ಹಿಂದಿಂದೂ ನೋಡ್ರಿ. ನೆಟ್‌ವರ್ಕ್ ಕೈಕೊಟ್ಟಾಗ ಎರರ್ ಅಂತ ತೋರಸ್ತೀರಿ, ಗುಮಾಸ್ತರು ಹೊಳ್ಳಿ ಸೇವ್ ಒತ್ತತಾರ, ಆದ್ರ ಮೊದಲಿನ ರಿಕ್ವೆಸ್ಟ್ ಸರ್ವರ್‌ಗೆ ಮುಟ್ಟಿ ಉತ್ತರ ಬರೂಮುಂದ ಲೈನ್ ಕಡದಿದ್ರ? ಆಗ 62 ಹೋಗಿ 124 ಆಗ್ತಾವ. ಕಮ್ಮಿ ಬಂದ್ರ ಹಮಾಲರ ಬುಕ್ಕಿನ್ಯಾಗ ಸಿಗ್ತೈತಿ, ಹೆಚ್ಚಾಗಿ ಪಾವತಿ ಹೋಗಿ ಅದ್ರ ಮ್ಯಾಲೆ ಸಾಲ ಎತ್ತಿದ್ರಂದ್ರ ಅದು ದೊಡ್ಡ ಜಗಳ.

ಅದಕ್ಕ ಫಾರ್ಮ್ ತೆರದಾಗನ ಒಂದು ಯೂನಿಕ್ ಐಡಿ ಹುಟ್ಟಸ್ರಿ, ಕ್ರಿಪ್ಟೋ ರ‍್ಯಾಂಡಮ್ ಯುಯುಐಡಿ ಅಂತ ಬ್ರೌಸರಿನ್ಯಾಗ ಐತಿ, ಆದ್ರ ಅದಕ್ಕ ಎಚ್‌ಟಿಟಿಪಿಎಸ್ ಬೇಕು, ಆಫೀಸಿನ ಲೋಕಲ್ ಐಪಿ ಹಾಕಿ ಸಾದಾ ಎಚ್‌ಟಿಟಿಪಿಯೊಳಗ ತೆರದ್ರ ಸಿಗಂಗಿಲ್ಲ. ಆ ಐಡಿ ಎಂಟ್ರಿ ಜೋಡಿ ಕಳಸ್ರಿ, ಟೇಬಲ್‌ನ್ಯಾಗ ಅದಕ್ಕ ಯೂನಿಕ್ ಇಂಡೆಕ್ಸ್ ಹಾಕ್ರಿ. ಹೊಳ್ಳಿ ಒತ್ತಿದ್ರ ಅದ ಐಡಿ ಹೋಗಬೇಕು, ಸರ್ವರ್ ಹೊಸಾದು ಬರೀದ ಹಳೇದನ್ನ ತಿರುಗಿ ಕಳಸ್ಬೇಕು. ಆಗ ಗುಮಾಸ್ತರು ಹತ್ತು ಸಲ ಒತ್ತಲಿ, ಅಂಜೂದು ಬ್ಯಾಡ. ಫೆಚ್‌ಗೆ ಅಬಾರ್ಟ್‌ಸಿಗ್ನಲ್‌ದಿಂದ 15 ಸೆಕೆಂಡಿನ ಟೈಮ್‌ಔಟ್ ಹಚ್ರಿ, ಇಲ್ಲಂದ್ರ ಸುಮ್ನ ನೇತಾಡ್ಕೋತ ನಿಂದರ್ತೈತಿ.

ಇಳಕಲ್_ಸೆರಗು, ಬಾಗಲಕೋಟೆ ಜಿಲ್ಲಾ
ಶುಕ್ರವಾರ ಸಂಜಿ 6:10

ನಿಮ್ಮ ಆ್ಯಪಿನ್ಯಾಗ ಡೈಲಾಗ್ ಎಲಿಮೆಂಟ್ ಬಳಸೀರೇನ್ರಿ? ಬಳಸಿದ್ರ ಇನ್ನೊಂದು ತೊಡಕು ಐತಿ. ಶೋಮೋಡಲ್ ಅಂತ ತೆರದ ಡೈಲಾಗ್ ಬ್ರೌಸರಿನ ಟಾಪ್ ಲೇಯರ್‌ಗೆ (ಎಲ್ಲಾದ್ರ ಮ್ಯಾಲಿನ ಪದರಕ್ಕ) ಹೋಗ್ತೈತಿ, ಅಲ್ಲಿಗೆ ಯಾವುದು ಮ್ಯಾಲೆ ಅಂತ ಹೇಳೂ ಜೆಡ್-ಇಂಡೆಕ್ಸ್ ಹತ್ತಂಗಿಲ್ಲ, 9999 ಕೊಡ್ರಿ ಲಕ್ಷ ಕೊಡ್ರಿ ಟೋಸ್ಟ್ ಅದ್ರ ಹಿಂದನ ಇರ್ತೈತಿ. ಟೋಸ್ಟ್ ಡಬ್ಬಿಗೆ ಪಾಪ್‌ಓವರ್ ಮ್ಯಾನ್ಯುವಲ್ ಹಚ್ಚಿ ಶೋಪಾಪ್‌ಓವರ್ ಕರದ್ರ ಅದೂ ಟಾಪ್ ಲೇಯರ್‌ಗೆ ಏರ್ತೈತಿ, ಕಾಣ್ಸಾಕ ಶುರು ಆಗ್ತೈತಿ. ಆಟೋ ಕೊಡಬ್ಯಾಡ್ರಿ, ಹೊರಗ ಎಲ್ಲರ ಮುಟ್ಟಿದ್ರ ಮುಚ್ಕೊಂಡು ಹೋಗ್ತೈತಿ.

ಆದ್ರೂ ಪೂರ್ತಿ ಕೆಲಸಾ ಆಗಂಗಿಲ್ಲ. ಮೋಡಲ್ ತೆರದಿದ್ದಾಗ ಅದ್ರ ಹೊರಗಿಂದೆಲ್ಲಾ ನಿಶ್ಚಲ ಆಗಿರ್ತೈತಿ, ಟೋಸ್ಟ್ ಕಾಣ್ತೈತಿ ಆದ್ರ ಅದ್ರಾಗಿನ ಬಟನ್ ಒತ್ತಾಕ ಬರಂಗಿಲ್ಲ. ನಾ ಸೀರಿ ಆರ್ಡರ್ ತೆಗೆದು ಹಾಕೂದಕ್ಕ "ರದ್ದು ಮಾಡು" ಅಂತ ಬಟನ್ ಟೋಸ್ಟಿನ್ಯಾಗ ಇಟ್ಟಿದ್ದೆ, ಒಬ್ಬ ಅಕ್ಕಾರು ಒತ್ತಿ ಒತ್ತಿ ಸಾಕಾಗಿ ಫೋನ್ ಮಾಡಿದ್ರು. ಕಡೀಕ ಬಟನ್ ಅಲ್ಲಿಂದ ತೆಗೆದು, ಆರ್ಡರ್ ಸಾಲಿನ್ಯಾಗನ "ತೆಗದೇತಿ, ಹೊಳ್ಳಿ ತರ್ರಿ" ಅಂತ ದಿನಪೂರ್ತಿ ಇರೂಹಂಗ ಮಾಡೇನಿ. ಜಿಮೇಲ್‌ನವ್ರೂ ಕಳಿಸಿದ್ದ ವಾಪಸ್ ತಗೊಳ್ಳಾಕ 30 ಸೆಕೆಂಡ್‌ತನಕ ಇಡ್ಕೋಳ್ಳಾಕ ಕೊಟ್ಟಾರ, ನಾವು 3 ಸೆಕೆಂಡಿನ್ಯಾಗ ಬಟನ್ ಒತ್ತು ಅಂದ್ರ ಹೆಂಗ.

ದ್ರಾಕ್ಷಿನಾಡು, ವಿಜಯಪುರ
ರವಿವಾರ ರಾತ್ರಿ 10:30

ಎರಡು ರಾತ್ರಿ ಕುಂತು ಬದಲ ಮಾಡೀನಿ, ಏನೇನು ಮಾಡೀನಿ ಹೇಳ್ತೀನಿ, ಮುಂದ ಯಾರಿಗರ ಬೇಕಾಗಬಹುದು.

ಸೇವ್ ಒತ್ತಿದ್ರ ಬಟನ್ "ಕಳಸಾಕತ್ತದ" ಅಂತ ಆಗ್ತದ, ಫಾರ್ಮ್ ಅಲ್ಲೇ ಇರ್ತದ, ಸರ್ವರ್ ಉತ್ತರ ಬಂದಮ್ಯಾಲೆನ ಖಾಲಿ ಆಗ್ತದ. ಆಗ ಮ್ಯಾಲೆ ನಡುವ ಹಸಿರು ಟೋಸ್ಟ್, ಲಾಟ್ ನಂಬರ್, ಬಾಕ್ಸು, ಚೇಂಬರ್ ಸಮೇತ, 6 ಸೆಕೆಂಡ್. ಬಟ್ಟು ಇಲ್ಲಾ ಮೌಸು ಅದ್ರ ಮ್ಯಾಲೆ ಇಟ್ರ ಟೈಮರ್ ನಿಂದರ್ತದ. ಗುಮಾಸ್ತರು ನಡುವ ವಾಟ್ಸಾಪಿಗೆ ಹೋಗಿ ಬರ್ತಾರ, ಅದಕ್ಕ ವಿಸಿಬಿಲಿಟಿಚೇಂಜ್ ನೋಡಿ ಟ್ಯಾಬ್ ಕಣ್ಮರಿ ಆದಾಗ ಟೈಮರ್ ನಿಲ್ಲಿಸಿ, ತಿರುಗಿ ಬಂದಾಗ ಮೊದಲಿಂದ ಎಣಿಸೂಹಂಗ ಮಾಡೀನಿ. ಸೇವ್ ಆದ ಎಂಟ್ರಿ ಕೆಳಗಿನ ಪಟ್ಟಿಯೊಳಗ ಮೊದಲನೇ ಸಾಲಾಗಿ ಬರ್ತದ, "ಇವತ್ತು ಒಟ್ಟು" ಅನ್ನೂ ಲೆಕ್ಕಾನೂ ಏರ್ತದ. ಟೋಸ್ಟ್ ತಪ್ಪಿಸ್ಕೊಂಡ್ರೂ ಪಟ್ಟಿ ನೋಡಿದ್ರ ತಿಳೀತದ.

ಎರರ್‌ಗೆ ಟೋಸ್ಟ್ ತೆಗದೇ ಹಾಕೀನಿ. ಫಾರ್ಮಿನ ನೆತ್ತಿ ಮ್ಯಾಲೆ ಕೆಂಪು ಪಟ್ಟಿ, ರೋಲ್ ಅಲರ್ಟ್, "ಈ ಲಾಟ್ ಇನ್ನೂ ಸೇವ್ ಆಗಿಲ್ಲ" ಅಂತ, ಪಕ್ಕದಾಗ "ಹೊಳ್ಳಿ ಕಳಸ್ರಿ" ಬಟನ್. ತಾನಾಗಿ ಹೋಗಂಗಿಲ್ಲ. ಮುಧೋಳ ಅಣ್ಣಾರು ಹೇಳಿದ ಐಡಿನೂ ಹಚ್ಚೀನಿ, ಫೋನನ್ನ ಏರೋಪ್ಲೇನ್ ಮೋಡ್‌ಗೆ ಹಾಕಿ ಐದು ಸಲ ಒತ್ತಿ, ಆಮ್ಯಾಲೆ ನೆಟ್ ಹಚ್ಚಿ ಒತ್ತಿದೆ, ಒಂದ ಎಂಟ್ರಿ ಬಿತ್ತು.

ನಿನ್ನೆ ಚೇಂಬರ್ ಬಾಗಲ್ದಾಗ ಅದ ಗುಮಾಸ್ತರ ಜೋಡಿ ನಿಂತು ನೋಡಿದೆ. ಒಳಗ ಕಾಲಿಟ್ಟು ಸೇವ್ ಒತ್ತಿದ್ರು, ಕೆಂಪು ಪಟ್ಟಿ ಬಂತು, ಓದಿದ್ರು, ಎರಡ ಹೆಜ್ಜಿ ಹೊರಗ ಬಂದು "ಹೊಳ್ಳಿ ಕಳಸ್ರಿ" ಒತ್ತಿದ್ರು, ಹಸಿರು ಬಂತು. "ಈಗ ಇದು ನನ್ನ ಜೋಡಿ ಮಾತಾಡ್ತದ ನೋಡು" ಅಂದ್ರು.

ಒಂದ ಉಳದದ್ರಿ. ಕನ್ನಡ ಅಕ್ಷರದ ಒತ್ತು ಟೋಸ್ಟಿನ ಅಂಚಿಗೆ ಕತ್ತರಿಸ್ತದ, "ಬಾಕ್ಸ್" ಅನ್ನೂದ್ರಾಗಿನ ಸ ಒತ್ತು ಅರ್ಧನ ಕಾಣ್ತದ.

ಕುಂದಾನಗರಿ_ಫ್ರಂಟೆಂಡ್, ಬೆಳಗಾವಿ
ರವಿವಾರ ರಾತ್ರಿ 10:50

ಟೋಸ್ಟಿನ ಲೈನ್-ಹೈಟ್ 1 ಅಥವಾ 1.2 ಇಟ್ಟಿರ್ತೀರಿ ನೋಡ್ರಿ, ಅದು ಇಂಗ್ಲಿಷ್ ಅಕ್ಷರಕ್ಕ ಸಾಕಾಗ್ತೈತಿ, ನಮ್ಮ ಒತ್ತಕ್ಷರಕ್ಕ ಸಾಲಂಗಿಲ್ಲ. 1.6 ಕೊಡ್ರಿ, ಹೈಟ್ ಅಂತ ಇಷ್ಟ ಪಿಕ್ಸೆಲ್ ಅಂದಿದ್ರ ತೆಗೆದು ಮಿನ್-ಹೈಟ್ ಮಾಡ್ರಿ, ಓವರ್‌ಫ್ಲೋ ಹಿಡನ್ ಇದ್ರ ಅದನ್ನೂ ತೆಗೀರಿ. ಮೂರು ಚುಕ್ಕಿ ಹಾಕಿ ಒಂದ ಸಾಲಿಗೆ ಕತ್ತರ್ಸೂದೂ ಬ್ಯಾಡ, ಎರಡು ಸಾಲಾದ್ರ ಆಗ್ಲಿ, ರೈತರ ಹೆಸ್ರು ಪೂರ್ತಿ ಕಾಣ್ಬೇಕು.

ದ್ರಾಕ್ಷಿನಾಡು, ವಿಜಯಪುರ
ರವಿವಾರ ರಾತ್ರಿ 11:05

ಆಯ್ತ್ರೀ ಅಣ್ಣಾರ, 1.6 ಕೊಟ್ಟೆ, ಒತ್ತು ಪೂರ್ತಿ ಕಾಣಾಕತ್ತದ. ಘಟಪ್ರಭಾ ಅಣ್ಣಾರ, ನಿಮಗ ಟೆಸ್ಟ್ ಲಾಗಿನ್ ಒಂದು ಮಾಡಿ ಕಳಸ್ತೀನಿ, ಟಾಕ್‌ಬ್ಯಾಕ್ ಹಚ್ಕೊಂಡು ನಾಲ್ಕು ಎಂಟ್ರಿ ಹೊಡದು ಹೆಂಗ ಕೇಳ್ಸ್ತದ ಹೇಳ್ರಿ.

ಘಟಪ್ರಭಾ_ದಂಡಿ, ಬಾಗಲಕೋಟೆ
ಸೋಮವಾರ ಬೆಳಿಗ್ಗೆ 6:40

ಹೊಡದೆ ತಮ್ಮಾ, ನಾಲ್ಕೂ ಕೇಳಿದ್ವು. ಮೂರನೇದ್ದು ಬೇಕಂತನ ನೆಟ್ ಆಫ್ ಮಾಡಿ ಒತ್ತಿದೆ, "ಈ ಲಾಟ್ ಇನ್ನೂ ಸೇವ್ ಆಗಿಲ್ಲ" ಅಂತು, ಫಾರ್ಮ್ ಹಂಗ ಇತ್ತು, ನೆಟ್ ಹಚ್ಚಿ ಹೊಳ್ಳಿ ಕಳಿಸಿದೆ. "ಚೇಂಬರ್" ಅನ್ನೂದನ್ನ "ಚೇಂ" ಅಂತ ಚಿಕ್ಕದಾಗಿ ಬರದೀಯಲ್ಲ ಒಂದು ಕಡೆ, ಪಟ್ಟಿಯೊಳಗ, ಅದನ್ನ ಪೂರ್ತಿ ಬರಿ, ಓದೂಮುಂದ ಏನಂತ ತಿಳಿಯಂಗಿಲ್ಲ.